ಯಮನೂರಪ್ಪನ ದನಿ

"ಇಳೀಲೇ ಕುರುಡ್ ಸೂಳಿಮಗನ! ರಾಯಚೂರು ಬಸ್ ಹತ್ತಿ ಲಿಂಗಸುಗೂರು ಟಿಕೇಟ್ ಕೇಳ್ತಿ? ಬೋರ್ಡು ಕಾಣಂಗಿಲ್ಲಾ?"

ಕಂಡಕ್ಟರ್ ಹೀಗೆ ಕೇಳಿದ್ದು ಹುಟ್ಟುಗುರುಡ ಗದ್ದೆಪ್ಪನನ್ನು. ಬಸ್ಸಿಗೆ ಬಸ್ಸೇ ನಕ್ಕಿತು.

"ಸಿಂಧನೂರು ಸ್ಟ್ಯಾಂಡಿನ್ಯಾಗ ಕಂಡಕ್ಟರ್ ಯಮನೂರಪ್ಪನೋರು ಮಸ್ಕಿ, ಲಿಂಗಸುಗೂರು ಅಂತ ಒದರಿದ್ರಲ್ರೀ. ಅವ್ರ ಮೂಗಿನ ದನಿ ಹಿಡದು ಹತ್ತೀನಿ. ಯಾವಾಗ್ಲೂ ಹಂಗ ಹತ್ತೋದು."

"ಅಂವ ಇವತ್ತು ರಜಾ ಅದಾನ! ಒದರಿದ್ದು ನಿಮ್ಮಪ್ಪನ ದೆವ್ವೇನು?"

ಒದರಿದವನು ನಾನು. ನಾಟಿ ಹಚ್ಚಿ ಬರುವ ನಮ್ಮವ್ವನನ್ನು ಯಮನೂರಪ್ಪ ಸೀಟಿದ್ದರೂ ಕೂರಗೊಡುತ್ತಿರಲಿಲ್ಲ. 'ಕೆಸರ ಸೀರಿ, ಬಾಗಲದಾಗ ನಿಂದ್ರು' ಎನ್ನುತ್ತಿದ್ದ. ಆ ಸಿಟ್ಟಿಗೆ ಅವನ ದನಿ ಕಲಿತೆ. ಬಿ.ಎ. ಹುಡುಗರ ನಡುವೆ ಅದೇ ನನ್ನ ಡಿಗ್ರಿ. ಇವತ್ತೂ ಸ್ಟ್ಯಾಂಡಿನಲ್ಲಿ ಈ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ಅವನಂತೆ ಕೂಗಿದ್ದೆ. ಗೆಳೆಯರ ನಗು ನಿಲ್ಲುವ ಮೊದಲೇ ಕೋಲಿನ ಸದ್ದು ಮೆಟ್ಟಿಲೇರಿತ್ತು. ಆಗಲೇ ಹೇಳಬಹುದಿತ್ತು.

"ಒಂದು ಗಂಟೆಕ್ಕ ಲಿಂಗಸುಗೂರು ಕಚೇರ್ಯಾಗ ಬೆತ್ತದ ಕುರ್ಚಿ ಹೆಣದು ತೋರಿಸಬೇಕ್ರೀ. ಕಣ್ಣಿಲ್ಲದೋರಿಗಂತ ಇರೋದು ಒಂದ ನೌಕರಿ..."

"ಯಾವನಲೇ ಒದರಿದಾಂವ?" ಕಂಡಕ್ಟರ್ ನಮ್ಮತ್ತ ತಿರುಗಿದ.

ಬಸ್ ಪಾಸು ಕಸಿದುಕೊಂಡಾನೆಂದು ಜೇಬು ಮುಚ್ಚಿಕೊಂಡು ಕಿಟಕಿಯಾಚೆ ನೋಡಿದೆ. ಪಕ್ಕದ ಗೋಪಣ್ಣ ಕಿಸಕ್ಕನೆ ನಕ್ಕ. ಗದ್ದೆಪ್ಪನ ಕಿವಿ ನಮ್ಮ ಸೀಟಿನತ್ತ ಹೊರಳಿತು.

ಜವಳಗೇರಾಕ್ಕೆ ಇನ್ನೂ ಎರಡು ಮೈಲಿ ಇರುವಾಗ, ಕಾಲುವೆ ಸೇತುವೆಯ ಮೇಲೆ ಅವನನ್ನು ಇಳಿಸಿ ಕೋಲನ್ನು ಹಿಂದೆ ಎಸೆದರು. "ರೈಟ್!"

ಬಸ್ಸು ಕದಲಲಿಲ್ಲ. ಗದ್ದೆಪ್ಪ ಬಸ್ಸಿನ ತಗಡು ಸವರುತ್ತ ಮುಂದೆ ಹೋಗಿ ಅದರ ಮೂತಿಗೆ ಬೆನ್ನು ಕೊಟ್ಟು ನಿಂತಿದ್ದ.

"ಸರೀಲೇ! ಸಾಯ್ತಿ!" ಡ್ರೈವರ್ ಹಾರ್ನ್ ಒತ್ತಿದ.

"ಈ ಬಸ್ಸು ಯಾವೂರಿಗೆ ಹೊಕ್ಕೈತಿ, ಒದರ್ರಿ. ಸರೀತೀನಿ."

"ಒದರೋದು ನಮ್ಮ ಡೂಟಿ ಅಲ್ಲಲೇ!" ಎಂದ ಕಂಡಕ್ಟರ್.

"ಸರಿಯೋದು ನಂದೂ ಅಲ್ರೀ."

ಇಂಜಿನ್ ಅಬ್ಬರಿಸಿತು. ಬೆತ್ತ ಹೆಣೆದು ಗಡುಸಾದ ಗದ್ದೆಪ್ಪನ ಬೆರಳುಗಳು ಬಂಪರ್ ಬಿಡಲಿಲ್ಲ.

"ಯಮನೂರಪ್ಪನ ದನಿ ತಗದಾಂವಾ," ಅವನು ಕೂಗಿದ, "ನೀನರ ಒದರೋ ತಮ್ಮಾ. ನಿನ್ನ ದನಿ ಚಲೋ ಐತಿ."

ಗೋಪಣ್ಣ ನನ್ನನ್ನು ನೋಡಿದ. ಆಮೇಲೆ ಎಲ್ಲರೂ ನೋಡಿದರು. ಹನ್ನೊಂದು ಮಂದಿಯ ದನಿ ತೆಗೆಯಬಲ್ಲ ನಾನು ಎದ್ದು ಬಾಯಿ ತೆರೆದೆ.

"ರಾಯಚೂರು, ರಾಯಚೂರು..."

ನನ್ನದೇ ದನಿ ತೆಗೆಯಲು ಹೋದರೂ ಬಂದದ್ದು ಯಮನೂರಪ್ಪನ ಮೂಗಿನ ದನಿಯೇ.

ಬಸ್ಸು ಮತ್ತೆ ನಕ್ಕಿತು. ಗದ್ದೆಪ್ಪ ನಗಲಿಲ್ಲ. ಸರಿಯಲೂ ಇಲ್ಲ.