ತಂತಿಯ ಮೇಲ್ಗಡೆಯ ಸಮಾಧಿ

ನಮ್ಮೂರಿನ ಸ್ಮಶಾನ ಇಳಿಜಾರಿನಲ್ಲಿದೆ. ರಷ್ಯದ ಜೊತೆಗಿನ ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಅಲ್ಲಿನ ಸಿಪಾಯಿಗಳು ಬಂದು ಅದರ ನಡುವಿಗೆ ಅಡ್ಡಲಾಗಿ ಮುಳ್ಳುತಂತಿಯ ಸುರುಳಿ ಹಾಸಿದರು. ಅಂದಿನಿಂದ ಕೆಳಗಡೆ ಮಲಗಿದವರು ಜಾರ್ಜಿಯದವರು, ಮೇಲ್ಗಡೆಯವರು ಬೇರೆ ದೇಶದವರು. ನಾನುಲಿಯ ಗಂಡ ಒತಾರ್ ಇರುವುದು ಮೇಲ್ಗಡೆ, ತಂತಿಯಿಂದ ಒಂದು ಸೇಬಿನ ಮರದ ನೆರಳಿನಷ್ಟು ದೂರದಲ್ಲಿ. ಅವನ ಕಲ್ಲಿನ ಪಕ್ಕ ತನಗೂ ಮಗನಿಗೂ ಜಾಗ ಬಿಡಿಸಿ ಕಂಬಿ ಹಾಕಿಸಿದ್ದಳು. ಹಬ್ಬದ ದಿನ ಅವನೊಡನೆ ಕೂತು ಉಣ್ಣಲು ಒಂದು ಕಲ್ಲುಮೇಜನ್ನೂ ನಿಲ್ಲಿಸಿದ್ದಳು. ಈಗ ಆ ಮೇಜಿನ ಮೇಲೆ ಹುಲ್ಲು ಬಾಗಿ ಬಿದ್ದಿರುವುದು ನಮಗೆ ಇಲ್ಲಿಂದಲೇ ಕಾಣುತ್ತದೆ.

ಮಾರ್ಚಿನಲ್ಲಿ ಅವಳ ಮಗ ಬದ್ರಿ ಅಫ್ಘಾನಿಸ್ತಾನದಿಂದ ಬಾವುಟ ಹೊದಿಸಿದ ಪೆಟ್ಟಿಗೆಯಲ್ಲಿ ಬಂದ.

ಅವನು ಶಾಲೆಯಲ್ಲಿ ನನ್ನಿಂದ ಭೌತಶಾಸ್ತ್ರ ಕಲಿತವನು. ಹೊರಡುವ ಮೊದಲು ಹೇಳಿ ಹೋಗಲು ಬಂದಾಗ, ಯಾಕೆ ಹೋಗುತ್ತೀಯೆಂದು ಕೇಳಿದ್ದೆ.

"ಮೇಷ್ಟ್ರೇ, ನಾವು ಅಮೆರಿಕದವರ ಜೊತೆ ಅಲ್ಲಿ ನಿಂತ್ರೆ, ನಾಳೆ ಅವರು ನಮ್ಮ ಜೊತೆ ಇಲ್ಲಿ ನಿಲ್ತಾರೆ. ಪ್ರತಿ ಕ್ರಿಯೆಗೂ ಸಮನಾದ ಪ್ರತಿಕ್ರಿಯೆ ಅಂತ ನೀವೇ ತಾನೆ ಹೇಳಿಕೊಟ್ಟಿದ್ದು?"

"ಅದು ಎರಡು ವಸ್ತು ಒಂದಕ್ಕೊಂದು ತಾಗಿದಾಗ ಕಣೋ."

"ಹಂಗಾದ್ರೆ ತಾಗೋಕೇ ಹೋಗ್ತಿದೀನಿ," ಎಂದು ನಕ್ಕಿದ್ದ.

ಮಗ ಅಪ್ಪನ ಪಕ್ಕ ಮಲಗಬೇಕು. ನಾನುಲಿ ಕೇಳಿದ್ದು ಇದೊಂದನ್ನೇ. ಗೋರಿ ಪಟ್ಟಣದಿಂದ ಬಂದ ಅಧಿಕಾರಿ ತಂತಿಯ ಆಚೆಯವರಿಗೆ ಫೋನು ಮಾಡಿದ. ಆಗುವುದಿಲ್ಲವೆಂದರು. ಮತ್ತೆ ಮಾಡಿದ. ಆ ಸಲ ಎತ್ತಲೂ ಇಲ್ಲ.

ಹೂಳುವ ದಿನ ಬೆಳಿಗ್ಗೆ ನಾವು ನೆರೆಯವರು ಗುದ್ದಲಿ ಹಿಡಿದು ಸ್ಮಶಾನಕ್ಕೆ ಹೋದೆವು. ನಮ್ಮಲ್ಲಿ ಗುಂಡಿಯನ್ನು ಮನೆಯವರು ತೋಡಬಾರದು, ತೋಡಿದ ಗುಂಡಿಯನ್ನು ಬರಿದು ಬಿಡಬಾರದು. ಬಾಯಿ ತೆರೆದ ಮಣ್ಣು ಯಾರನ್ನಾದರೂ ಕೇಳುತ್ತದೆ ಎನ್ನುತ್ತಾರೆ. ಅಂದರೆ ಗುದ್ದಲಿ ಒಮ್ಮೆ ನೆಲಕ್ಕೆ ಬಿತ್ತೆಂದರೆ ಜಾಗ ನಿಶ್ಚಯವಾದ ಹಾಗೆ. ಅದು ಗೊತ್ತಿದ್ದೇ ನಾನುಲಿ ನಮಗಿಂತ ಮೊದಲು ಬಂದು, ತಂತಿಯ ಕೆಳಗೆ ನಾವು ಗುರುತು ಮಾಡಿದ್ದ ಜಾಗದ ಮೇಲೆ ಕಪ್ಪು ಶಾಲು ಹೊದ್ದು ಕೂತುಬಿಟ್ಟಿದ್ದಳು.

"ಏಳು ನಾನುಲಿ, ನೆಲ ತಂಪಿದೆ," ಎಂದ ಝೌರಿ. ಅವನು ನನ್ನ ಪಕ್ಕದ ಮನೆಯವನು, ಒತಾರ್‌ನ ಬಾಲ್ಯದ ಗೆಳೆಯ.

"ದೊಡ್ಡವರು ಬರ್ತಾರಂತಲ್ಲ. ಅವರನ್ನ ಕೇಳದೆ ಏಳಲ್ಲ."

"ಅವರು ಬಂದು ಏನು ಕಿತ್ತಾರು? ಅಷ್ಟು ದೂರದ ಊರು ಕಾಯೋಕೆ ನಮ್ಮ ಹುಡುಗರು ಬೇಕು. ನಮ್ಮ ಸ್ಮಶಾನ ಕಾಯೋಕೆ ನೋಡು, ನಾನು ಮತ್ತೆ ಈ ಮೇಷ್ಟ್ರು!"

ದೊಡ್ಡವರು ಬಂದರು. ಅಮೆರಿಕದ ಒಬ್ಬ ಕರ್ನಲ್, ನಮ್ಮ ಸೇನೆಯ ಒಬ್ಬ ಮೇಜರ್, ಭಾಷಾಂತರಕ್ಕೆ ಒಬ್ಬ ಹುಡುಗಿ. ಕರ್ನಲ್ ಬೂಟಿಗೆ ಕೆಸರಾಗುವುದನ್ನು ಲೆಕ್ಕಿಸದೆ ನಾನುಲಿಯ ಎದುರು ಮಂಡಿಯೂರಿದ. ಬದ್ರಿ ಹೇಗೆ ಸತ್ತನೆಂದು, ಅವನಿಂದ ಯಾರು ಯಾರು ಉಳಿದರೆಂದು ಹೇಳಿದ. ಕೆಟ್ಟ ಮನುಷ್ಯನಲ್ಲ. ಕೊನೆಗೆ, ನನ್ನಿಂದ ಏನಾಗಬೇಕು ಹೇಳಿ ತಾಯಿ, ಎಂದ.

ನಾನುಲಿ ತಂತಿಯಾಚೆ ಕೈ ತೋರಿಸಿದಳು. "ಅಪ್ಪಾ, ನೀವು ಕರೆದ್ರಿ ಅಂತ ನನ್ನ ಮಗ ಬಂದ. ಎಷ್ಟು ದೂರ ಅಂತಾನೂ ಕೇಳಲಿಲ್ಲ. ನೀವು ಅವನ ಜೊತೆ ಅಷ್ಟು ದೂರ ಬನ್ನಿ. ಆ ಕಲ್ಲಿನ ತನಕ. ಸಾಕು."

ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಎರಡು ಸಲ ಶುರುಮಾಡಬೇಕಾಯಿತು. ಕರ್ನಲ್ ಎದ್ದು ನಿಂತು ಕಲ್ಲನ್ನು ನೋಡಿದ. ಆಚೆ ಕಾವಲು ಗೋಪುರದಲ್ಲಿ ಒಬ್ಬ ದುರ್ಬೀನು ಹಿಡಿದು ಇವನನ್ನೇ ನೋಡುತ್ತಿದ್ದ. ಕರ್ನಲ್ ತಂತಿಯ ಕಡೆಗೆ ತುಸು ಸರಿದ. ನಮ್ಮ ಮೇಜರ್ ಅವನ ತೋಳು ಮುಟ್ಟಿದ, ಅಷ್ಟೇ. ಅವನು ನಿಂತ.

"ಮೇಲಿನವರಿಗೆ ತಿಳಿಸ್ತಾರಂತೆ," ಎಂದಳು ಹುಡುಗಿ, ತಲೆ ತಗ್ಗಿಸಿ.

"ಮೇಲೆ ಇರೋದು ಒತಾರ್ ಒಬ್ಬನೇ," ಎಂದ ಝೌರಿ. "ಅವನಿಗೆ ಆಗಲೇ ಗೊತ್ತು."

ಆ ಮಾತನ್ನು ಹುಡುಗಿ ಭಾಷಾಂತರಿಸಲಿಲ್ಲ.

ನಾನುಲಿ ಬಹಳ ಹೊತ್ತು ಕರ್ನಲ್‌ನ ಮುಖ ನೋಡಿದಳು. ಆಮೇಲೆ ತಾನೇ ಎದ್ದು, ಲಂಗಕ್ಕೆ ಅಂಟಿದ ಹುಲ್ಲು ಕೊಡವಿಕೊಂಡಳು. "ತೋಡ್ರಪ್ಪಾ," ಎಂದಳು.

ಮಧ್ಯಾಹ್ನ ಪೆಟ್ಟಿಗೆ ಇಳಿಸುವಾಗ ಇನ್ನೊಂದು ಮಾತು ಕೇಳಿದಳು. "ಮುಖವನ್ನಾದ್ರೂ ಅಪ್ಪನ ಕಡೆ ಮಾಡಿ."

"ನಮ್ಮ ಧರ್ಮದಲ್ಲಿ ಸತ್ತವರ ಕಾಲು ಪೂರ್ವಕ್ಕೇ ಇರಬೇಕಮ್ಮ," ಎಂದರು ಪಾದ್ರಿ.

ಅದಕ್ಕೂ ತಲೆಯಾಡಿಸಿದಳು.

ಈಸ್ಟರ್ ಮರುದಿನ ಊರೆಲ್ಲ ಸ್ಮಶಾನದಲ್ಲಿತ್ತು. ಬೇರಿನ ಬಣ್ಣದಲ್ಲಿ ಬೇಯಿಸಿದ ಕೆಂಪು ಮೊಟ್ಟೆಗಳನ್ನು ಎಲ್ಲರೂ ತಮ್ಮವರ ಸಮಾಧಿಗಳ ಮೇಲೆ ಉರುಳಿಸುತ್ತಿದ್ದರು. ನಾನುಲಿ ಬದ್ರಿಯ ಹೊಸ ಮಣ್ಣಿನ ಮೇಲೆ ಒಂದನ್ನು ಉರುಳಿಸಿದಳು. ಇನ್ನೊಂದನ್ನು ಹಿಡಿದು ತಂತಿಯ ಹತ್ತಿರ ಹೋಗಿ, ಬಗ್ಗಿ, ಸುರುಳಿಯ ಅಡಿಯಿಂದ ಮೇಲಕ್ಕೆ ತಳ್ಳಿದಳು. ಅದು ತುಸು ಏರಿ, ನಿಂತು, ಅವಳ ಕಾಲ ಬಳಿಗೇ ಉರುಳಿ ಬಂತು. ಮತ್ತೆ ತಳ್ಳಿದಳು. ಮತ್ತೆ ಬಂತು. ಅದು ಏರುವುದಿಲ್ಲವೆಂದು ಹೇಳಲು ಭೌತಶಾಸ್ತ್ರ ಓದಬೇಕಿಲ್ಲ.

"ನೀವು ಎತ್ತರ ಇದೀರಿ ಮೇಷ್ಟ್ರೇ. ಎಸೀರಿ."

ಎಸೆದೆ. ನನ್ನ ಕೈಯ ಕಸುವು ಸಾಲಲಿಲ್ಲ. ಮೊಟ್ಟೆ ಸುರುಳಿಯ ನೆತ್ತಿಗೆ ಬಡಿದು, ಎರಡು ಮುಳ್ಳುಗಳ ನಡುವೆ ಸಿಕ್ಕಿಕೊಂಡಿತು. ಗೋಪುರದ ದುರ್ಬೀನು ನಮ್ಮತ್ತ ತಿರುಗಿತು. ಕೈ ಚಾಚಿದರೆ ತೆಗೆಯಬಹುದಿತ್ತು, ಆದರೆ ಹಾಗೆ ಕೈ ಚಾಚಿದವರನ್ನು ಹಿಡಿದೊಯ್ದದ್ದು ನಮ್ಮೂರಿಗೆ ಗೊತ್ತಿದೆ.

"ಇನ್ನೊಂದು ಇದೆಯಾ, ನಾನುಲಿ?"

"ಇಲ್ಲ, ಎರಡೇ ಬೇಯಿಸಿದ್ದೆ." ಅವಳು ಬದ್ರಿಯ ತಲೆದೆಸೆಯಲ್ಲಿ ಕೂತು, ಒಮ್ಮೆ ತಂತಿಯ ಮೇಲಿನ ಕೆಂಪನ್ನು, ಒಮ್ಮೆ ಅದರಾಚೆಯ ಕಲ್ಲನ್ನು ನೋಡಿದಳು. "ಬಿಡಿ, ಅಲ್ಲೇ ಇರ್ಲಿ. ಅಲ್ಲಿದ್ರೆ ಇಬ್ಬರಿಗೂ ಕಾಣುತ್ತೆ."

ಮರುದಿನ ಹೋಗಿ ನೋಡಿದೆ. ಮೊಟ್ಟೆ ಇರಲಿಲ್ಲ. ಮುಳ್ಳಿನ ಮೇಲೆ ಬೇರಿನ ಬಣ್ಣ ಮಾತ್ರ ಸ್ವಲ್ಪ ಅಂಟಿತ್ತು.