ಅತ್ತೆಯ ಕೊರಳಿನ ಸರ

ಬಟ್ಟೆ ಅಂಗಡಿಯವರ ಹಿರಿಸೊಸೆ, ತೀರಿಹೋದ ಅತ್ತೆಯ ಭಾವಚಿತ್ರ ಬರೆಸಲು ನನ್ನ ಬಳಿ ಬಂದಳು. ಮನೆಯಲ್ಲಿದ್ದದ್ದು ಒಂದೇ ಫೋಟೋ. ಅದರಲ್ಲಿ ಮುದುಕಿಯ ಕೊರಳು ಬೋಳು.

“ಬರಿಕೊರಳು ಚೆನ್ನಾಗಿರಲ್ಲ. ಇದನ್ನ ನೋಡ್ಕೊಂಡು ಬರೀರಿ,” ಎಂದು ತನ್ನ ಕೊರಳಿನ ಎರಡೆಳೆ ಸರ ಬಿಚ್ಚಿ ಮೇಜಿನ ಮೇಲಿಟ್ಟಳು. “ಅತ್ತೇದೇ. ನಾನು ಈ ಮನೆಗೆ ಬಂದಾಗ ಕೊಟ್ರು.”

“ಅವರಾಗೇ ಕೊಟ್ರಾ?”

“ಕೇಳಿದೆ, ಕೊಟ್ರು.”

ನಾನೆಲ್ಲಿ ಸರವನ್ನು ನುಂಗಿ ನೀರು ಕುಡಿಯುತ್ತೇನೋ ಎಂಬಂತೆ ಕಾದು ಕೂತಿದ್ದಳು. ಬರೆದು ಮುಗಿಸಿದ ಕೂಡಲೇ, ಬಣ್ಣ ತಾಗಿದೆಯೇನೋ ಎಂದು ತಿರುಗಿಸಿ ಮುರುಗಿಸಿ ನೋಡಿ ಹಾಕಿಕೊಂಡಳು.

ಚಿತ್ರ ನಡುಮನೆಯ ಗೋಡೆ ಏರಿತು. ವಾರ ಕಳೆಯುವುದರೊಳಗೆ ಅದನ್ನು ಹೊರಿಸಿಕೊಂಡು ಮತ್ತೆ ಬಂದಳು.

“ಸರ ಅಳಿಸಿಬಿಡಿ. ಬಂದೋರೆಲ್ಲ ಮೊದಲು ಚಿತ್ರ ನೋಡ್ತಾರೆ, ಆಮೇಲೆ ನನ್ನ ಕೊರಳು ನೋಡ್ತಾರೆ. ನಾದಿನಿಯಂತೂ ನೋಡ್ತಾನೇ ಇರ್ತಾಳೆ.”

“ನೀವು ಹಾಕ್ಕೊಳ್ಳದೆ ಇದ್ರೆ ಆಯ್ತಲ್ಲ?”

ಹುಚ್ಚನನ್ನು ನೋಡುವಂತೆ ನನ್ನನ್ನು ನೋಡಿದಳು. ನಾನು ಸರದ ಮೇಲೆ ಮೈಬಣ್ಣ ಬಳಿದೆ. ಕೊನೆಯ ಗುಂಡು ಮುಚ್ಚುವವರೆಗೂ ಪಕ್ಕದಲ್ಲೇ ನಿಂತಿದ್ದಳು. ಮೊದಲ ಸಲ ಬಿಚ್ಚಿಸುವಾಗ ಅತ್ತೆಯನ್ನು ಒಂದು ಮಾತು ಕೇಳಿದ್ದಳು. ಈ ಸಲ ಅದೂ ಬೇಕಾಗಲಿಲ್ಲ.