ಸಾಲಿಗೆ ಹಣಮಪ್ಪ ಇಟ್ಟ ಪರೀಕ್ಷೆ

ಗುಡೂರಿನ ಆಚೆ, ಕಲ್ಲುಬಯಲಿನ ನಡುವಿನ ಕುರುಬರ ಹಟ್ಟಿಯಲ್ಲಿ ಹಣಮಪ್ಪನಂಥ ಕುರಿಗಾರ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಧೈರ್ಯವನ್ನು ಯಾರೂ ಮಾಡಲಿಲ್ಲ. ತುಳಸಿಗೇರಿಯಲ್ಲಿ ಕುರಿಯೊಂದು ಕೆಮ್ಮಿದರೆ ಅವನು ಇಲ್ಲಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಅದು ಎಡಗಿವಿ ಹರದದ್ದು, ಮುಂಜಾನೆ ಇಬ್ಬನಿ ಹುಲ್ಲ ತಿಂದೈತಿ" ಎನ್ನುತ್ತಿದ್ದ. ಇದರಲ್ಲಿ ಸುಳ್ಳು ಇದ್ದರೆ ಒಂದು ಜೋಳದ ಕಾಳಿನಷ್ಟು. ಉಳಿದದ್ದಕ್ಕೆ ಇಡೀ ಹಟ್ಟಿಯೇ ಸಾಕ್ಷಿ. ಅವನ ಹಿಂಡು ನಡೆದರೆ ಎದ್ದ ಧೂಳು ಮೂರು ದಿನ ಕೆಳಗಿಳಿಯುತ್ತಿರಲಿಲ್ಲ. ಕೆರೂರಿನ ಸಂತೆಯವರು ಮೋಡ ಬಂತೆಂದು ಮೆಣಸಿನಕಾಯಿಗೆ ತಾಡಪತ್ರಿ ಹೊದಿಸುತ್ತಿದ್ದರು.

ಇಂಥವನಿಗೂ ಎಪ್ಪತ್ತೊಂಬತ್ತನೆಯ ಇಸವಿಯ ದೀಪಾವಳಿಯ ಮುಂಚೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಹಬ್ಬ ಮುಗಿದ ಮರುದಿನ ಹಿಂಡು ಕೃಷ್ಣೆಯ ದಂಡೆಯ ಎರೆಹೊಲಗಳಿಗೆ ಹೊರಡಬೇಕು, ತಿರುಗಿ ಬರುವುದು ಮುಂಗಾರಿಗೆ. ಎರಡನೇ ಇಯತ್ತೆ ಓದುವ ಮಗಳು ರಾಮವ್ವ ಈ ಸಲ ತಾನು ಬರುವುದಿಲ್ಲ, ಅಜ್ಜಿಯ ಹತ್ತಿರ ಇದ್ದು ಸಾಲಿಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಳು. ಅವಳಿಲ್ಲದೆ ಹಿಂಡು ಹೇಗೆ ನಡೆದೀತು? ಸಂಜೆ ಕುರಿಗಳು ಮರಳಿದಾಗ ಎಂಬತ್ತು ಮರಿಗಳೂ ಒಟ್ಟಿಗೆ ಒದರುತ್ತವೆ. ಯಾವ ಮರಿ ಯಾವ ತಾಯಿಯದೆಂದು ಗುರುತು ಹಿಡಿದು ಮೊಲೆಗೆ ಕೂಡಿಸುವವಳು ರಾಮವ್ವ. ಹಣಮಪ್ಪನ ಕೀರ್ತಿ ಏನಿದ್ದರೂ ಹಗಲಿನದು. ಸಂಜೆಯ ಕೀರ್ತಿಯೆಲ್ಲ ಆ ಎಂಟು ವರ್ಷದವಳದು.

"ಸಾಲ್ಯಾಗಿಂದ ಚೀಟಿ ಬಂದೈತಿ," ಎಂದಳು ಹೆಂಡತಿ ಲಗಮವ್ವ. "ಪಾಲಕರು ಒಂದಿನ ಬಂದು ಕುಂತು ನೋಡ್ರಿ ಅಂದಾರ. ಹೋಗಿ ನೋಡಿ ಬಾ. ಬಿಡೂ ಹಂಗಿದ್ರ ಬಿಡೂಣು, ಇಲ್ಲಾಂದ್ರ ಕರಕೊಂಡು ಹೋಗೂಣು. ದಿನಾ ನೀವಿಬ್ರೂ ಟಗರಿನಂಗ ಹಾಯೂದು ನೋಡಿ ನನಗ ಸಾಕಾಗೇತಿ."

"ನೋಡೂದ ಏನೈತಿ? ಪರೀಕ್ಷೆ ಮಾಡ್ತೇನಿ," ಎಂದ ಹಣಮಪ್ಪ.

ಆ ಮಾತು ಕೇಳಿ ರಾಮವ್ವನ ಮುಖ ಬಾಡಿತು. ಅಪ್ಪನ ಪರೀಕ್ಷೆ ಯಾವುದೆಂದು ಅವಳಿಗೆ ಗೊತ್ತಿತ್ತು. ಅವರ ಮನೆತನದ ಕುರಿಗಾರರು ಯಾರ ಕೈಗೂ ಸುಮ್ಮನೆ ಕುರಿ ಒಪ್ಪಿಸುವವರಲ್ಲ. ಮೊದಲು ಆ ಮನುಷ್ಯನ ಹಿಂಡಿಗೆ ಹೋಗಿ, ಹರಟೆ ಹೊಡೆಯುತ್ತ ಒಂದು ಮರಿಯನ್ನು ಸದ್ದಿಲ್ಲದೆ ಎತ್ತಿ ಕಂಬಳಿಯೊಳಗೆ ಇಟ್ಟುಕೊಂಡು ಕೂಡುವರು. "ನನ್ನ ಕರಿಮೂತಿ ಮರಿ ಎಲ್ಲಿ?" ಎಂದು ಅವನು ತಾನಾಗಿ ಎದ್ದು ಬಂದರೆ ಕುರಿ ಅವನ ಪಾಲು. ಬರದಿದ್ದರೆ ಮರಿ ಕೆಳಗಿಟ್ಟು, ಕಂಬಳಿ ಕೊಡವಿ, ಎದ್ದು ಬಂದುಬಿಡುವರು. ಈ ಪರೀಕ್ಷೆಯಲ್ಲಿ ಗೆದ್ದವರನ್ನು ಹಣಮಪ್ಪ ತನ್ನ ಆಯುಷ್ಯದಲ್ಲಿ ಇಬ್ಬರನ್ನೇ ಕಂಡಿದ್ದ. ಒಬ್ಬ ಅವನ ಅಪ್ಪ. ಇನ್ನೊಬ್ಬ ಯಾರೆಂದು ಕೇಳಿದರೆ ಅವನು ನಾಚಿ ಮೀಸೆ ತೀಡುತ್ತಿದ್ದ.

ಮರುದಿನ ಮುಂಜಾನೆ ಅವನು ಕಂಬಳಿ ಹೊದ್ದು, ಕೋಲು ಹಿಡಿದು ಸಾಲಿಯೊಳಗೆ, ಉಳಿದ ಪಾಲಕರ ಜೊತೆ ಹಿಂದಿನ ಗೋಡೆಗೆ ಒರಗಿ ಕೂತ. ಒಂದೇ ಕೋಣೆ, ಅದರಲ್ಲೇ ನಾಲ್ಕು ಇಯತ್ತೆ. ಕೋಣೆ ಎಷ್ಟು ಉದ್ದವಿತ್ತೆಂದರೆ ಮುಂದಿನ ಸಾಲಿನವರು ಸೀನಿದರೆ ಹಿಂದಿನ ಸಾಲಿಗೆ ಮರುದಿನ ನೆಗಡಿ ತಲುಪುತ್ತಿತ್ತು. ಗೂಡಿನಂಥ ಕಿಟಕಿಗಳಿಂದ ಆಶ್ವೀಜದ ಎಳೆಬಿಸಿಲು ಇಳಿದು, ಸುಣ್ಣದ ಕಡ್ಡಿಯ ಪುಡಿ ಅದರಲ್ಲಿ ಅವಸರವಿಲ್ಲದೆ ತೇಲುತ್ತಿತ್ತು.

ಹೆಡ್ ಮಾಸ್ತರರು ಎದ್ದು ನಿಂತರು. "ನಾ ಸಂಗಯ್ಯ. ಮೂರು, ನಾಲ್ಕನೇ ಇಯತ್ತೆ ನನ್ನ ಕಡೆ. ಇವರು ಸಿದ್ದಲಿಂಗವ್ವ ಅಕ್ಕೋರು. ಒಂದು, ಎರಡು ಇವರ ಕೈಯಾಗ. ಅಲ್ಲಿ ಒಲಿ ಊದಾಕಿ ಜೋಹರಾ. ಮಧ್ಯಾಹ್ನದ ಉಪ್ಪಿಟ್ಟು ಆಕಿದು."

"ಮಾಸ್ತರ, ಬೆತ್ತದ ಪರಿಚಯ ಮಾಡಿಸಲಿಲ್ಲಲ್ರಿ?" ಎಂದ ಗಾಡಿ ಹೊಡೆಯುವ ಮಲೀಕಸಾಬ.

"ನಿನ್ನ ಮಗಳು ದಿನಾ ಅದರ ಕೂಡ ಮಾತಾಡ್ತಾಳ. ಮನ್ಯಾಗ ಹೇಳಿಲ್ಲೇನು?"

ಪಾಲಕರೆಲ್ಲ ಗೊಳ್ಳೆಂದು ನಕ್ಕರು. ಮಾಸ್ತರರು ಬೆರಳು ಮಡಚತೊಡಗಿದರು. ಹತ್ತೂವರೆಗೆ ಗಂಟೆ. ಆಮೇಲೆ ಪ್ರಾರ್ಥನೆ, ಹಾಜರಿ, ಉಗುರು ನೋಡುವುದು, ಮಗ್ಗಿ. ಉಂಡ ಮೇಲೆ ಹಾಡು, ಬರೆಯುವುದು.

"ನೀವು ಮಾಡೂದಿಷ್ಟ. ತಲಿ ಬಾಚಿ, ಉಗುರು ತಗದು ಕಳಸ್ರಿ. ಪಾಟಿ ಮ್ಯಾಲೆ ರೊಟ್ಟಿ ಬಡೀಬ್ಯಾಡ್ರಿ, ಅಕ್ಷರಕ್ಕ ಹಿಟ್ಟು ಹತ್ತತೈತಿ. ಕುರಿ ಈದೈತಿ, ಎಮ್ಮಿ ಒದ್ದೈತಿ ಅಂತ ಮಕ್ಕಳನ ಮನ್ಯಾಗ ಇಟ್ಕೋಬ್ಯಾಡ್ರಿ."

"ಕುರಿ ಗಂಟಿ ಕೇಳಿ ಈಯಂಗಿಲ್ರಿ ಮಾಸ್ತರ," ಎಂದ ಹಣಮಪ್ಪ. "ಇರಲಿ. ನಿಮ್ಮಲ್ಲಿ ನೀರಿನ ಕಡೆ ಹೋಗೂಮುಂದ ಬಾಲದಾಗ ಯಾರು ನಡೀತಾರ?"

ಮಾಸ್ತರರು ಅಕ್ಕೋರ ಮುಖ ನೋಡಿದರು. ಅಕ್ಕೋರು ತೆಳ್ಳಗಿನವರು, ಅಂಚು ಸವೆದ ಇಲಕಲ್ಲ ಸೀರೆ ಉಟ್ಟಿದ್ದರು, ದನಿ ಎಷ್ಟು ಸಣ್ಣದೆಂದರೆ ಅದನ್ನು ಕೇಳಲು ನೊಣಗಳೂ ರೆಕ್ಕೆ ನಿಲ್ಲಿಸುತ್ತಿದ್ದವು. "ಹಿಂದ ನಾ ಇರ್ತೇನ್ರಿ," ಎಂದರು. "ಹಿಂದ ಉಳಿಯೂವು ಸಣ್ಣವ ಅಲ್ರೀ?"

ಉತ್ತರ ತಪ್ಪೇನಿರಲಿಲ್ಲ. ಆದರೆ ಬಾಯಿಯ ಉತ್ತರ ಯಾರಿಗೆ ಬೇಕು? ಒಂದನೇ ಇಯತ್ತೆಯ ಕಟ್ಟಕಡೆಯಲ್ಲಿ, ಅವನ ಮೊಣಕಾಲಿಗೆ ತಾಗಿಕೊಂಡೇ, ಸಂಗವ್ವ ಎಂಬ ಗುಬ್ಬಿಯಷ್ಟು ಹುಡುಗಿ ತೂಕಡಿಸುತ್ತಿತ್ತು. ಎಲ್ಲರೂ ಪ್ರಾರ್ಥನೆಗೆ ಕಣ್ಣು ಮುಚ್ಚಿದ್ದೇ ತಡ, ಹಣಮಪ್ಪ ಬೆಲ್ಲದ ಚೂರೊಂದನ್ನು ಅದರ ಕೈಗಿಟ್ಟು, ಕಂಬಳಿಯ ಸೆರಗು ಎತ್ತಿ, "ಬಾ ಯವ್ವ, ಬೆಚ್ಚಗೈತಿ" ಎಂದ. ಮೂರು ಉಸಿರಿನಲ್ಲಿ ಕೂಸು ಅವನ ತೊಡೆಯ ಮೇಲೆ ನಿದ್ದೆ ಹೋಯಿತು. ಕಣ್ಣು ತೆರೆದ ರಾಮವ್ವ ಒಬ್ಬಳೇ ಅದನ್ನು ಕಂಡದ್ದು. ಅವಳು ಪಾಟಿಯನ್ನು ಎದೆಗೆ ಅವುಚಿಕೊಂಡು ಅಕ್ಕೋರ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. ಹೇಳಿದರೆ ಪರೀಕ್ಷೆ ಕೆಟ್ಟೀತು, ಹೇಳದಿದ್ದರೆ ಸಾಲಿ ಹೋದೀತು. ಮತ್ತೆ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆಗೆ ದನಿ ಕೂಡಿಸಿದಳು.

ಹಾಜರಿ ಶುರುವಾಯಿತು. ಹೆಸರಿಗೊಂದು "ಹಾಜರ" ಏಳುತ್ತಿತ್ತು.

"ಸಂಗವ್ವ."

ಯಾರೂ ಏಳಲಿಲ್ಲ. ಅಕ್ಕೋರು ತಲೆ ಎತ್ತಲಿಲ್ಲ. ತುಸು ತಡೆದು, ಪುಸ್ತಕದಲ್ಲಿ ಏನೋ ಬರೆದು, ಮುಂದಿನ ಹೆಸರಿಗೆ ಹೋದರು. ಬಂದ ಕೂಸನ್ನು ಬಂದಿಲ್ಲ ಎಂದು ಬರೆದುಕೊಂಡ ಹಾಗಾಯಿತು! ಹಣಮಪ್ಪ ಮನಸ್ಸಿನಲ್ಲೇ ಒಂದು ಗೀಟು ಎಳೆದ.

ಆಮೇಲೆ ಮಗ್ಗಿ. "ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು..." ಅದು ಮಗ್ಗಿಯಾಗಿ ಶುರುವಾಗಿ, ಮೂರರ ಹೊತ್ತಿಗೆ ಜೋಗುಳವಾಗಿ, ಐದರ ಹೊತ್ತಿಗೆ ಹೊಳೆಯ ನೀರಾಯಿತು. ಮುನ್ನೂರು ಕುರಿಗಳನ್ನು ಕಾಯುತ್ತ ಒಂದು ಎವೆಯನ್ನೂ ಮುಚ್ಚದ ಕಣ್ಣುಗಳು, ಏಳರ ಮಗ್ಗಿಯ ನಡುವೆ ಎಲ್ಲಿಯೋ, ತೇಲಿಹೋದವು.

ಗೋಡೆ ಕರಗಿ ಎರೆಹೊಲವಾಯಿತು. ಅವನ ಕುರಿಗಳೆಲ್ಲ ಬಾಗಿಲಿನಿಂದ ಒಂದೊಂದಾಗಿ ಒಳಗೆ ಬಂದು, ಕಾಲು ಮಡಚಿ, ಸಾಲಾಗಿ ಕೂತವು. ಕೊರಳಿಗೆ ಪಾಟಿ ತೂಗುಹಾಕಿಕೊಂಡಿದ್ದವು. ಸಂಗಯ್ಯ ಮಾಸ್ತರರು ಟಗರಿನ ಗಂಟೆ ಕಟ್ಟಿಕೊಂಡು ಮುಂದೆ ನಡೆದರೆ ಸದ್ದು ಮಾತ್ರ ಮೋಡದ ಆಚೆಯಿಂದ ಬರುತ್ತಿತ್ತು. ಹುಲ್ಲಿನ ತುದಿಗೆ ಸುಣ್ಣದ ಪುಡಿ ಇಬ್ಬನಿಯಂತೆ ಕೂತಿತ್ತು. ಆಕಾಶವೇ ಒಂದು ಕರಿಯ ಕಂಬಳಿಯಾಗಿ ಇಳಿಬಿದ್ದು, ಅದರ ಸೆರಗನ್ನು ಯಾರೋ ಎರಡು ಬೆರಳಿನಿಂದ ಮೆಲ್ಲಗೆ ಎತ್ತಿದರು. ಒಳಕ್ಕೆ ಸುಳಿದ ತಂಗಾಳಿಯಲ್ಲಿ ಹಸಿ ಸುಣ್ಣದ ವಾಸನೆ ಇತ್ತು. 'ಯಾರವ್ವ ಅದು?' ಎಂದು ಕೇಳಬೇಕೆಂದುಕೊಂಡ. ಬಾಯಿಂದ "ಬ್ಯಾ" ಎಂದು ಬಂತು. ಕುರಿಗಳೆಲ್ಲ ಮುಸಿಮುಸಿ ನಕ್ಕವು.

ಎಚ್ಚರಾದಾಗ ಉಪ್ಪಿಟ್ಟಿನ ಹೊತ್ತು. ಮಕ್ಕಳೆಲ್ಲ ತಾಟು ಹಿಡಿದು ಹೊರಗೆ ಕೂತಿದ್ದರು. ಜೋಹರಾ ಬಡಿಸಿ ಮುಗಿಸಿ, ಒಂದು ತಾಟನ್ನು ಮುಚ್ಚಿ ಒಲೆಯ ಬೂದಿಯ ಹತ್ತಿರ ಇಟ್ಟಳು. ಮಾಸ್ತರರ ಪಾಲು ಇರಬೇಕೆಂದುಕೊಂಡ ಹಣಮಪ್ಪ. ಊಟವಾಯಿತು, ಹಾಡಾಯಿತು, ಬರೆಯುವುದೂ ಆಯಿತು. ಬಿಸಿಲು ಕಿಟಕಿಯಿಂದ ಇಳಿದು ನೆಲ ದಾಟಿ ಎದುರುಗೋಡೆ ಹತ್ತಿತು. ಮರಿ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಪಾಲಕರು ಏಳತೊಡಗಿದರು. ಹಣಮಪ್ಪನ ಎದೆಯಲ್ಲಿ ಗೆದ್ದ ಸಂತೋಷ ಇರಬೇಕಿತ್ತು, ಇದ್ದದ್ದು ಭಾರ. ಮಗಳ ಕಡೆ ನೋಡದೆಯೇ ಅಂದ: "ರಾಮವ್ವಾ, ಪಾಟಿ ತಗೋ. ನಡಿ. ಹಿಂಡಿನ ಕೂಡ ಹೋಗೂಣು."

ರಾಮವ್ವ ಅಳಲಿಲ್ಲ. ಪಾಟಿಯ ಮೇಲಿದ್ದದ್ದನ್ನು ಅಂಗೈಯಿಂದ ಒರೆಸತೊಡಗಿದಳು. ಒರೆಸಿದಷ್ಟೂ ಒರೆಸುತ್ತಲೇ ಇದ್ದಳು.

"ಹಣಮಪ್ಪಣ್ಣಾ, ಸಾವಕಾಶ ಏಳ್ರಿ," ಎಂದು ಅಕ್ಕೋರು ಹತ್ತಿರ ಬಂದರು. "ಕೂಸಿಗೆ ಮೊನ್ನಿಯಿಂದ ಜ್ವರ. ಇವತ್ತರ ಕಣ್ಣು ಹತ್ತ್ಯಾವು."

ಹಣಮಪ್ಪ ಅರ್ಧ ಎದ್ದವನು ಹಾಗೆಯೇ ಕೂತ. ಕಂಬಳಿಯತ್ತ ನೋಡಿದ. ಸೆರಗು ಒಂದು ಗೇಣು ಮಡಚಿತ್ತು; ಆ ಸಂದಿನಲ್ಲಿ ಸಂಗವ್ವನ ಮೂಗು ಹೊರಗಿತ್ತು. ಅದನ್ನು ಅವನು ಮಡಚಿರಲಿಲ್ಲ.

"ನಿಮಗ... ಗೊತ್ತಿತ್ರೀ?"

"ಪ್ರಾರ್ಥನಿ ಮುಗಿಯೂದ್ರಾಗ ಗೊತ್ತಾತ್ರಿ. ಆಕಿ ದಿನಾ ಕಡೀ ಸಾಲು ಅಪಸ್ವರ ಹಾಡ್ತಾಳ. ಇವತ್ತು ಹಾಡು ನೆಟ್ಟಗಾತು. ನೋಡಿದ್ರ ನಿಮ್ಮ ಕಂಬಳಿಗೆ ಎರಡು ಸಣ್ಣ ಪಾದ ಮೂಡಿದ್ದುವು."

"ಮತ್ತ ಕೇಳಲಿಲ್ಲ ಯಾಕ್ರಿ?"

"ಕೇಳಿದ್ರ ನೀವು ಕಂಬಳಿ ಎತ್ತತಿದ್ರಿ. ಆಕಿ ಏಳ್ತಿದ್ಲು. ನೀವು ಮಲಗಿದಾಗ ಗಾಳಿ ಆಡ್ಲಿ ಅಂತ ಸೆರಗು ಅಷ್ಟ ಮಡಚಿದೆ. ಜೋಹರಾ ಆಕಿ ಪಾಲು ಬೆಚ್ಚಗ ಇಟ್ಟಾಳ."

ಅಷ್ಟರಲ್ಲಿ ಹಾಜರಿ ಪುಸ್ತಕ ತೆರೆದಿದ್ದ ಸಂಗಯ್ಯ ಮಾಸ್ತರರು ಚೀರಿದರು. "ಅಕ್ಕೋರ! ಇಲ್ಲಿ 'ಮಲಗ್ಯಾಳ' ಅಂತ ಬರದೀರಿ! ಹಾಜರ ಅನ್ರಿ, ಗೈರಹಾಜರ ಅನ್ರಿ. ನಡುವ ಇದೊಂದು ಎಲ್ಲಿಂದ ಬಂತು? ತಪಾಸಣಿ ಸಾಹೇಬ್ರು ಬಂದ್ರ ಏನ್ ಹೇಳ್ಲಿ?"

"ಖರೇನ ಮಲಗ್ಯಾಳ ಅಂತ ಹೇಳ್ರಿ," ಎಂದರು ಅಕ್ಕೋರು.

ಎದ್ದು ಕೇಳುವವರು ಗೆಲ್ಲುತ್ತಾರೆ, ಕೇಳದವರು ಸೋಲುತ್ತಾರೆ; ಹಣಮಪ್ಪನಿಗೆ ಅಪ್ಪ, ಅಜ್ಜ, ಬೀರಪ್ಪ ದೇವರ ಕಾಲದ ಮುತ್ತಜ್ಜ ಎಲ್ಲರೂ ಕಲಿಸಿದ್ದು ಇಷ್ಟೇ. ತಿಳಿದೂ ಮಲಗಲು ಬಿಟ್ಟವರಿಗೆ ಏನು ಕೊಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಕೋಲನ್ನು ಗೋಡೆಗೆ ಒರಗಿಸಿ, ಗಂಟಲು ಸರಿಮಾಡಿಕೊಂಡ.

"ಒಪ್ಪಸ್ತೇನ್ರಿ," ಎಂದ. "ಆದ್ರ ನಮ್ಮಲ್ಲಿ ಬರೇ ತಲಿ ಒಪ್ಪಸಂಗಿಲ್ಲ, ಗುಣಾನೂ ಒಪ್ಪಸಬೇಕು. ಕೇಳ್ರಿ. ನಮ್ಮ ರಾಮವ್ವಗ ಕಟಕರೊಟ್ಟಿ ಆಗಬೇಕು, ಮೆತ್ತಂದು ಮುಟ್ಟಂಗಿಲ್ಲ. ಅಜ್ಜಿ ಕೂಡ ಜಗಳಾಡ್ತಾಳ, ಆದ್ರ ಆಕೀನ ಬಿಟ್ಟಿರಂಗಿಲ್ಲ. ಗುಡುಗಿಗೆ ಅಂಜತಾಳ, ಬಾವಿ ನೀರು ಕುಡಿಯಂಗಿಲ್ಲ, ಹರಿಯೂ ನೀರ ಬೇಕು..."

"ಯಪ್ಪಾ," ಎಂದಳು ರಾಮವ್ವ ಮೆಲ್ಲಗೆ. "ಅದು ನಾ ಅಲ್ಲ. ಅದು ಬಿಳಿಮೂತಿ ಕುರಿ."

ಮಲೀಕಸಾಬ ಬಾಗಿಲಲ್ಲಿ ನಿಂತು ಕಿಸಕ್ಕೆಂದ. ಹಣಮಪ್ಪನಿಗೆ ನಗು ಬರಲಿಲ್ಲ. ಒಂದು ಮರಿಯ ಗುಣ ಹೇಳತೊಡಗಿದರೆ ಬಾಗಲಕೋಟೆಯ ಬಸ್ಸು ಹುನಗುಂದಕ್ಕೆ ಹೋಗಿ ತಿರುಗಿ ಬಂದರೂ ಮುಗಿಯದ ಬಾಯಿ ಅದು. ಈಗ ಎರಡೇ ಮಾತಿಗೆ ಬತ್ತಿತು. ಹುಡುಕಿದ. ಎಲ್ಲೆಲ್ಲೂ ಹುಡುಕಿದ. ಸಿಕ್ಕಿದ್ದೆಲ್ಲ ಉಣ್ಣೆಯೇ.

"ಮರಿ ಕೂಡಸೂದು ನಾನ ಕಲೀತೇನಿ," ಎಂದ ಕಡೆಗೆ, ಯಾರೂ ಕೇಳದ ಮಾತಿಗೆ ಉತ್ತರವೆಂಬಂತೆ. "ಹಬ್ಬಕ್ಕ ಇನ್ನೂ ನಾಕು ದಿನಾ ಅದಾವು. ಈಕಿ ಕಲಸ್ತಾಳ."

ರಾಮವ್ವ ಒರೆಸುವುದನ್ನು ನಿಲ್ಲಿಸಿದಳು.

"ನನಗ ಗೊತ್ತಿದ್ದಷ್ಟು ನಾ ಹೇಳ್ಲ್ಯಾ?" ಎಂದರು ಅಕ್ಕೋರು, ಅವನೆದುರು ನೆಲದ ಮೇಲೆ ಕೂತು. "ಈಕಿ ಎಡಗೈಲೆ ಬರೀತಾಳ್ರಿ. ಬಲಗೈಲೆ ಬರಿ ಅಂತ ನಾ ಜುಲುಮಿ ಮಾಡಿಲ್ಲ."

ಹಣಮಪ್ಪ ಮಗಳ ಎಡಗೈ ನೋಡಿದ. ಬೆರಳುಗಳ ನಡುವೆ ಸುಣ್ಣ ಮೆತ್ತಿತ್ತು.

"ನಗೂಮುಂದ ಬಾಯಿ ಮುಚ್ಕೋತಾಳ. ಮುಂದಿನ ಹಲ್ಲು ಬಿದ್ದಾಗ ಹತ್ತಿದ ರೂಢಿ. ಹಲ್ಲು ಬಂದು ವರ್ಷಾತು, ರೂಢಿ ಬಿಟ್ಟಿಲ್ಲ."

ರಾಮವ್ವ ಬಾಯಿಗೆ ಕೈ ಅಡ್ಡ ಹಿಡಿದಳು. ಹಣಮಪ್ಪ ನೆಲಕ್ಕೆ ಸರಿಯಾಗಿ ಕೂತು, ತೊಡೆಯ ಮೇಲಿನ ಕೂಸು ಅಲುಗದ ಹಾಗೆ ಕಾಲು ಮಡಚಿಕೊಂಡ. ಹೊರಗೆ ಗಂಟೆ ಬಾರಿಸಿತು. ಮಕ್ಕಳು ಧೂಳೆಬ್ಬಿಸಿ ಓಡಿದರು, ಪಾಲಕರು ಅವರ ಹಿಂದೆ ನಡೆದರು. ಕೋಣೆಯಲ್ಲಿ ಉಳಿದ ಬಿಸಿಲಿನಲ್ಲಿ ಬಿಳಿಯ ಪುಡಿ ನಿಧಾನವಾಗಿ ಇಳಿಯುತ್ತಿತ್ತು.

"ಮತ್ತ?" ಎಂದ ಅವನು. "ಮತ್ತ ಹೇಳ್ರಿ ಅಕ್ಕೋರ."